ಎಣ್ಣೆಯ ದುಡ್ಡು ಮೊದಲು ಯಾರ ಕೈಗೆ?

2009ರ ಜನವರಿ 12 ಮತ್ತು 13ನೇ ತಾರೀಕು. ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ ಸರ್ಕಾರದ ಮಹಾಲೆಕ್ಕಾಧಿಕಾರಿಯ ಕಚೇರಿಯಿಂದ ಇಪ್ಪತ್ತನಾಲ್ಕು ತಾಸಿನೊಳಗೆ 128 ಪಾವತಿಗಳು ಹೊರಬಿದ್ದವು. ಒಂದೊಂದರ ಮೊತ್ತವೂ 99 ಕೋಟಿ 90 ಲಕ್ಷ ನೈರಾ. ನೂರು ಕೋಟಿಗೆ ಸರಿಯಾಗಿ ಹತ್ತು ಲಕ್ಷ ಕಡಿಮೆ, ಅದೂ 128 ಸಲ. ಒಟ್ಟು ಕೂಡಿದರೆ 12,787 ಕೋಟಿ ನೈರಾ. ಎಲ್ಲವೂ ಪೆಟ್ರೋಲ್ ಸಬ್ಸಿಡಿಯ ಬಾಬ್ತು. ಇದನ್ನು ಬರೆದಿಟ್ಟದ್ದು ಯಾವುದೋ ವಿರೋಧ ಪಕ್ಷದ ಕರಪತ್ರವಲ್ಲ. ಆ ದೇಶದ ಸಂಸತ್ತಿನ ಕೆಳಮನೆ ನೇಮಿಸಿದ ಸಮಿತಿ, 2012ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯಲ್ಲಿ. ಸುಮಾರು 680 ಕೋಟಿ ಡಾಲರಿನಷ್ಟು ಸಾರ್ವಜನಿಕ ಹಣ ಸಬ್ಸಿಡಿಯ ಹೆಸರಿನಲ್ಲಿ ಸೋರಿಹೋಗಿದೆ ಎಂದು ಅದೇ ವರದಿ ಹೇಳಿತು.

ವರದಿ ಬಂದ ಕೆಲವೇ ವಾರಗಳಲ್ಲಿ ಇನ್ನೊಂದು ಸುದ್ದಿ ಬಂತು. ಕಳಂಕಿತರ ಪಟ್ಟಿಯಿಂದ ಒಂದು ಕಂಪನಿಯ ಹೆಸರು ಕೈಬಿಡಲು ಸಮಿತಿಯ ಅಧ್ಯಕ್ಷ ಫಾರೂಕ್ ಲವಾನ್ ಅವರೇ ಲಂಚ ತೆಗೆದುಕೊಂಡರು ಎಂಬ ಆರೋಪ. ಮೊಕದ್ದಮೆ ಎಳೆದೂ ಎಳೆದೂ 2021ರಲ್ಲಿ ಅವರಿಗೆ ಜೈಲು ಶಿಕ್ಷೆಯಾಯಿತು. ಕಳ್ಳನನ್ನು ಹಿಡಿಯಲು ಹೋದವನೇ ಹೀಗಾದರೆ ಜನ ಯಾರನ್ನು ನಂಬಬೇಕು ಎಂದು ಕೇಳಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ನೆಲದಡಿಯಿಂದ ಎಣ್ಣೆ ಉಕ್ಕುವ ದೇಶವೊಂದು, ಹೊರಗಿನಿಂದ ತರಿಸಿದ ಪೆಟ್ರೋಲಿಗೆ ಸಬ್ಸಿಡಿ ಕೊಡುವ ಸ್ಥಿತಿಗೆ ಬಂದದ್ದಾದರೂ ಹೇಗೆ? ಆ ಎಣ್ಣೆಯನ್ನೆಲ್ಲ ನೋಡಿಕೊಳ್ಳಲು ಸರ್ಕಾರವೇ ಕಟ್ಟಿದ ದೊಡ್ಡ ಸಂಸ್ಥೆ ಏನು ಮಾಡುತ್ತಿತ್ತು? ಅದನ್ನು ಸರಿಪಡಿಸಲು ಇಪ್ಪತ್ತು ವರ್ಷ ನಡೆದ ಪ್ರಯತ್ನ ಎಲ್ಲಿಗೆ ಮುಟ್ಟಿತು? ಈ ಹೊತ್ತಿನ ಮಾತು ಅದರ ಬಗ್ಗೆ.

ನೈಜೀರಿಯಾದಲ್ಲಿ ವ್ಯಾಪಾರಕ್ಕೆ ಸಾಲುವಷ್ಟು ಎಣ್ಣೆ ಮೊದಲು ಸಿಕ್ಕಿದ್ದು 1956ರಲ್ಲಿ, ನೈಜರ್ ನದಿಯ ಮುಖಜ ಭೂಮಿಯಲ್ಲಿರುವ ಓಲೊಯಿಬಿರಿ ಎಂಬ ಹಳ್ಳಿಯಲ್ಲಿ. ಎರಡು ವರ್ಷದಲ್ಲಿ ರಫ್ತು ಶುರುವಾಯಿತು, ಇನ್ನೆರಡು ವರ್ಷಕ್ಕೆ ಬ್ರಿಟಿಷರು ಹೊರಟರು. ಆಮೇಲೆ ಅಂತರ್ಯುದ್ಧ, ಸೇನೆಯ ಆಡಳಿತ. 1971ರಲ್ಲಿ ದೇಶ ತೈಲ ರಫ್ತು ದೇಶಗಳ ಕೂಟವಾದ ಒಪೆಕ್ ಸೇರಿತು, ಅದೇ ವರ್ಷ ಸರ್ಕಾರಿ ತೈಲ ನಿಗಮವೂ ಹುಟ್ಟಿತು. 1977ರ ಏಪ್ರಿಲ್‌ನಲ್ಲಿ ಸೇನಾ ಸರ್ಕಾರ ಆ ನಿಗಮವನ್ನೂ ಪೆಟ್ರೋಲಿಯಂ ಮಂತ್ರಾಲಯವನ್ನೂ ಒಟ್ಟಿಗೆ ಸೇರಿಸಿ ನೈಜೀರಿಯನ್ ನ್ಯಾಷನಲ್ ಪೆಟ್ರೋಲಿಯಂ ಕಾರ್ಪೊರೇಷನ್ ಎಂಬ ಒಂದೇ ಸಂಸ್ಥೆ ಮಾಡಿತು. ಎಲ್ಲರ ಬಾಯಲ್ಲೂ ಅದು ಎನ್‌ಎನ್‌ಪಿಸಿ. ಕಂಪನಿಗಳ ಮೇಲೆ ಕಣ್ಣಿಡಬೇಕಾದ ತಪಾಸಣಾ ವಿಭಾಗವೂ ಅದರೊಳಗೇ ಇತ್ತು. ಬಾವಿ ಕೊರೆಯುವವನು, ಬಂದ ಎಣ್ಣೆಯನ್ನು ಅಳೆಯುವವನು, ಅಳತೆ ಸರಿಯಿದೆ ಎಂದು ಸಹಿ ಹಾಕುವವನು, ಮೂವರಿಗೂ ಒಂದೇ ಸೂರು. ತಪಾಸಣಾ ವಿಭಾಗ 1988ರಲ್ಲಿ ಹೊರಗೆ ಬಂದು ಬೇರೆ ಇಲಾಖೆಯಾಯಿತು. ಆದರೆ ಅಷ್ಟು ಹೊತ್ತಿಗೆ ಈ ಸಂಸ್ಥೆಯ ಮೈಗೂಡಿದ ಅಭ್ಯಾಸಗಳನ್ನು ಬಿಡಿಸುವುದು ಇಲಾಖೆ ಬದಲಿಸಿದಷ್ಟು ಸುಲಭವಿರಲಿಲ್ಲ.

ಆ ಅಭ್ಯಾಸಗಳಲ್ಲಿ ಒಂದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಡೀ ಕತೆಯ ಗಂಟು ಇರುವುದು ಅಲ್ಲೇ.

ದೇಶದಲ್ಲಿ ಸರ್ಕಾರದ ರಿಫೈನರಿಗಳಿದ್ದವು. ಪೋರ್ಟ್ ಹಾರ್ಕೋರ್ಟ್‌ನಲ್ಲಿ ಎರಡು, ವಾರಿಯಲ್ಲಿ ಒಂದು, ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ ಉತ್ತರದ ಕಡೂನಾದಲ್ಲಿ ಇನ್ನೊಂದು. ನಾಲ್ಕೂ ಪೂರ್ತಿ ನಡೆದರೆ ದಿನಕ್ಕೆ 4,45,000 ಬ್ಯಾರೆಲ್ ಕಚ್ಚಾ ತೈಲ ಬೇಕು. ಹಾಗಾಗಿ ದಿನಕ್ಕೆ ಅಷ್ಟು ಕಚ್ಚಾ ತೈಲವನ್ನು ಸರ್ಕಾರ ಎನ್‌ಎನ್‌ಪಿಸಿಗೆ ಬಿಟ್ಟುಕೊಡುತ್ತಿತ್ತು. ನೀನು ಸಂಸ್ಕರಿಸು, ದೇಶದೊಳಗೆ ಮಾರು, ಎಣ್ಣೆಯ ಬೆಲೆಯನ್ನು ಬೊಕ್ಕಸಕ್ಕೆ ಕಟ್ಟು ಎಂಬ ಲೆಕ್ಕ. ರಿಫೈನರಿಗಳು ದುರಸ್ತಿಯಿಲ್ಲದೆ ಕುಂಟುತ್ತಾ ಕೊನೆಗೆ ನಿಂತೇಹೋದವು. 2018ರ ಲೆಕ್ಕಪತ್ರ ನೋಡಿದರೆ ಕಡೂನಾ ರಿಫೈನರಿಗೆ ಆ ವರ್ಷ ಬಂದ ವರಮಾನ ಸೊನ್ನೆ, ನಷ್ಟ ಮಾತ್ರ 6,400 ಕೋಟಿ ನೈರಾ. ಎಣ್ಣೆ ಸಂಸ್ಕರಿಸದಿದ್ದರೂ ಸಂಬಳ, ಭತ್ಯೆ, ಆಡಳಿತ ವೆಚ್ಚ ನಡೆದೇ ಇದ್ದವು. ರಿಫೈನರಿ ನಿಂತರೂ ಆ 4,45,000 ಬ್ಯಾರೆಲಿನ ಹಂಚಿಕೆ ನಿಲ್ಲಲಿಲ್ಲ. ಎನ್‌ಎನ್‌ಪಿಸಿ ಆ ತೈಲವನ್ನು ಹೊರದೇಶದಲ್ಲಿ ಮಾರುತ್ತಿತ್ತು, ಇಲ್ಲವೇ ಅದರ ಬದಲು ಪೆಟ್ರೋಲ್ ತರಿಸುತ್ತಿತ್ತು. ಬಂದ ದುಡ್ಡಿನಲ್ಲಿ ಮೊದಲು ಸಬ್ಸಿಡಿ ಕಳೆ, ಕೊಳವೆಮಾರ್ಗದ ದುರಸ್ತಿ ಕಳೆ, ಕಳವಾದ ಎಣ್ಣೆಯ ಬೆಲೆ ಕಳೆ, ತನ್ನ ಸ್ವಂತ ಖರ್ಚು ಕಳೆ. ಉಳಿದದ್ದು ಬೊಕ್ಕಸಕ್ಕೆ.

ನೈಜೀರಿಯಾದ ಸಂವಿಧಾನದ 162ನೇ ವಿಧಿ ಹೇಳುವುದು ಇದಕ್ಕೆ ತದ್ವಿರುದ್ಧ. ದೇಶದ ಆದಾಯವೆಲ್ಲ ಮೊದಲು ಒಕ್ಕೂಟದ ಖಾತೆಗೆ ಬೀಳಬೇಕು, ಅಲ್ಲಿಂದ ಕೇಂದ್ರ, ರಾಜ್ಯ, ಸ್ಥಳೀಯ ಸರ್ಕಾರಗಳಿಗೆ ಹಂಚಿಕೆಯಾಗಬೇಕು. ಎಣ್ಣೆ ತೆಗೆಯುವ ರಾಜ್ಯಗಳಿಗೆ ಕನಿಷ್ಠ ಶೇ 13 ಪ್ರತ್ಯೇಕ. ಆದರೆ 1977ರ ಎನ್‌ಎನ್‌ಪಿಸಿ ಕಾಯ್ದೆಯಲ್ಲಿ, ಖರ್ಚು ಭರಿಸಿಕೊಂಡು ಉಳಿದದ್ದನ್ನು ಕೊಡಬಹುದು ಎಂದು ಓದಿಕೊಳ್ಳಲು ಒಂದು ಉಪವಿಧಿ ಇತ್ತು. ಸಂಸ್ಥೆ ಹಿಡಿದುಕೊಂಡದ್ದು ಸಂವಿಧಾನವನ್ನಲ್ಲ, ಆ ಉಪವಿಧಿಯನ್ನು. ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಎನ್ನುತ್ತಾರೆ. ಇಲ್ಲಿ ಎಷ್ಟು ನೆಕ್ಕಬೇಕು ಎಂದು ತೀರ್ಮಾನಿಸುವವನೂ ಕಿತ್ತವನೇ.

ಇದರ ಪರಿಣಾಮ ಕಣ್ಣಿಗೆ ಕಾಣುತ್ತಿದ್ದದ್ದು ತಿಂಗಳಿಗೊಮ್ಮೆ, ಅಬುಜಾದಲ್ಲಿ. ಒಕ್ಕೂಟದ ಖಾತೆಯ ಹಂಚಿಕೆ ಸಮಿತಿ ಸೇರುತ್ತದೆ. 36 ರಾಜ್ಯಗಳ ಹಣಕಾಸು ಮುಖ್ಯಸ್ಥರು ಬಂದು ಕೂರುತ್ತಾರೆ. ಅವರನ್ನು ಕಳಿಸುವ ರಾಜ್ಯಪಾಲರೆಂದರೆ ನಮ್ಮ ಹಾಗೆ ದೆಹಲಿಯಿಂದ ನೇಮಕವಾಗಿ ಬಂದವರಲ್ಲ. ಚುನಾವಣೆ ಗೆದ್ದು ಬಂದ, ನಮ್ಮ ಮುಖ್ಯಮಂತ್ರಿಗಳಿಗೆ ಸಮನಾದವರು. ಅವರಲ್ಲಿ ಬಹುತೇಕರು ಶಾಲಾ ಮೇಷ್ಟರಿಗೆ, ಆಸ್ಪತ್ರೆಯ ದಾದಿಗೆ ಸಂಬಳ ಕೊಡಬೇಕಾದರೆ ಈ ಸಭೆಯಿಂದ ಹಣ ಬರಬೇಕು. 2018ರ ಜೂನ್‌ನಲ್ಲಿ ಎನ್‌ಎನ್‌ಪಿಸಿ ತೋರಿಸಿದ ಮೊತ್ತವನ್ನು ರಾಜ್ಯಗಳು ಒಪ್ಪಲಿಲ್ಲ. ಸಭೆ ಮುರಿದುಬಿತ್ತು, ಮತ್ತೆ ಸೇರಿತು, ಮತ್ತೆ ಮುರಿಯಿತು. ಸಂಬಳಗಳು ತಡವಾದವು. 2022ರಲ್ಲಿ ಜಗತ್ತಿನಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿದಾಗ ಎಣ್ಣೆ ಮಾರುವ ದೇಶಗಳೆಲ್ಲ ಖುಷಿಪಟ್ಟವು. ನೈಜೀರಿಯಾದ ಒಕ್ಕೂಟದ ಖಾತೆಗೆ ಎನ್‌ಎನ್‌ಪಿಸಿಯಿಂದ ತಿಂಗಳುಗಟ್ಟಲೆ ಬಂದದ್ದು ಸೊನ್ನೆ. ಸಬ್ಸಿಡಿ ಎಲ್ಲವನ್ನೂ ನುಂಗಿತು ಎಂಬುದು ಸಂಸ್ಥೆಯ ಉತ್ತರ. ಕಚ್ಚಾ ತೈಲದ ಬೆಲೆ ಏರಿದಷ್ಟೂ ತರಿಸುವ ಪೆಟ್ರೋಲಿನ ಬೆಲೆಯೂ ಏರುತ್ತದೆ, ಸಬ್ಸಿಡಿಯೂ ಏರುತ್ತದೆ ಎಂಬುದು ನಿಜವೇ. ಆದರೆ ಆ ಸಬ್ಸಿಡಿ ಎಷ್ಟು ಲೀಟರಿಗೆ, ಯಾವ ದರದಲ್ಲಿ ಎಂಬ ಲೆಕ್ಕ ಹಾಕಿದ್ದೂ ಅದೇ ಸಂಸ್ಥೆ.

ಇದನ್ನು ಬಹಿರಂಗವಾಗಿ ಕೇಳಿದವರಲ್ಲಿ ಮುಖ್ಯರಾದವರು ಸನುಸಿ ಲಮಿಡೊ ಸನುಸಿ, ಆಗ ಕೇಂದ್ರ ಬ್ಯಾಂಕಿನ ಗವರ್ನರ್. 2013ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಅವರಿಗೆ ಪತ್ರ ಬರೆದರು. 2012ರ ಜನವರಿಯಿಂದ 2013ರ ಜುಲೈವರೆಗೆ ಎನ್‌ಎನ್‌ಪಿಸಿ ಎತ್ತಿದ ಎಣ್ಣೆಯ ಬೆಲೆ ಸುಮಾರು 6,500 ಕೋಟಿ ಡಾಲರ್, ಖಾತೆಗೆ ಬಂದದ್ದು ಅದರ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು, 4,980 ಕೋಟಿ ಡಾಲರಿನ ಲೆಕ್ಕ ಸಿಗುತ್ತಿಲ್ಲ ಎಂದು. ಪತ್ರ ಸೋರಿ ಪತ್ರಿಕೆಗಳಿಗೆ ಬಂತು. ಕೆಲವು ಮೊತ್ತ ತೆರಿಗೆಯ ರೂಪದಲ್ಲಿ ಬೇರೆ ದಾರಿಯಿಂದ ಬಂದಿತ್ತೆಂದು ತಿಳಿದ ಮೇಲೆ ಅಂಕಿ ಇಳಿಯಿತು. ಹಣಕಾಸು ಮಂತ್ರಾಲಯ ಒಂದು ಹೇಳಿತು, ಎನ್‌ಎನ್‌ಪಿಸಿ ಇನ್ನೊಂದು ಹೇಳಿತು, ಸನುಸಿ ಕೊನೆಗೆ 2,000 ಕೋಟಿ ಡಾಲರ್ ಎಂದರು. 2014ರ ಫೆಬ್ರುವರಿಯಲ್ಲಿ ಅವರನ್ನು ಹುದ್ದೆಯಿಂದ ಅಮಾನತು ಮಾಡಲಾಯಿತು. ಸರ್ಕಾರವೇ ನೇಮಿಸಿದ ಲೆಕ್ಕಪರಿಶೋಧಕರು ಕನಿಷ್ಠ 148 ಕೋಟಿ ಡಾಲರ್ ವಾಪಸ್ ಕಟ್ಟಬೇಕು ಎಂದರು, ಜೊತೆಗೆ ಈ ಸಂಸ್ಥೆಯ ವ್ಯವಹಾರದ ಮಾದರಿಯೇ ಹೆಚ್ಚು ದಿನ ನಡೆಯುವಂಥದ್ದಲ್ಲ ಎಂದೂ ಬರೆದರು. ಯಾರ ಅಂಕಿ ಸರಿ ಎಂದು ನಾನು ವಾದಿಸುವುದಿಲ್ಲ. ಒಂದು ದೇಶದ ಕೇಂದ್ರ ಬ್ಯಾಂಕು, ಹಣಕಾಸು ಮಂತ್ರಾಲಯ ಮತ್ತು ತೈಲ ನಿಗಮ, ಮೂವರೂ ಒಂದೇ ಎಣ್ಣೆಗೆ ಮೂರು ಲೆಕ್ಕ ಹೇಳಿದರು ಎಂಬುದೇ ನನಗೆ ಸಾಕಷ್ಟು ಹೇಳುತ್ತದೆ.

ಈ ಲೆಕ್ಕದ ಜಗಳದಲ್ಲಿ ಹೊರಬಂದ ಸೀಮೆಎಣ್ಣೆಯ ವಿಷಯ ಇನ್ನೂ ಚುರುಕಾದದ್ದು. ಸೀಮೆಎಣ್ಣೆಯ ಸಬ್ಸಿಡಿ ನಿಲ್ಲಿಸಿ ಎಂದು 2009ರಲ್ಲೇ ಆಗಿನ ಅಧ್ಯಕ್ಷ ಯಾರ್‌ಅದುವಾ ಅವರಿಂದ ನಿರ್ದೇಶನ ಹೋಗಿತ್ತು. ಎನ್‌ಎನ್‌ಪಿಸಿ ಕಡಿತ ನಿಲ್ಲಿಸಲಿಲ್ಲ. ಸೀಮೆಎಣ್ಣೆಯ ಸರ್ಕಾರಿ ದರ ಲೀಟರಿಗೆ 50 ನೈರಾ, ಬಡಪಾಯಿ ಹೆಂಗಸು ಅಂಗಡಿಯಲ್ಲಿ ಕೊಡುತ್ತಿದ್ದದ್ದು ಅದರ ಮೂರು ಪಟ್ಟಿಗೂ ಮೇಲೆ. ನ್ಯಾಯಬೆಲೆ ಅಂಗಡಿಯ ಮುಂದೆ ಕ್ಯಾನು ಹಿಡಿದು ನಿಂತ ನಮ್ಮ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಧಾರಣೆಯ ಮಾತು ಇದಕ್ಕೂ ಹಳೆಯದು. 2000ದಲ್ಲಿ ಅಧ್ಯಕ್ಷ ಒಬಸಾಂಜೊ ಅವರು ಒಪೆಕ್‌ನ ಅನುಭವಿ ರಿಲ್ವಾನು ಲುಕ್ಮಾನ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿದರು. ಅದರಿಂದ ಹುಟ್ಟಿದ ಮಸೂದೆ 2008ರಲ್ಲಿ ಸಂಸತ್ತಿಗೆ ಬಂತು, ಬಿತ್ತು. 2012ರಲ್ಲಿ ಮತ್ತೊಂದು ಬಂತು, ಅದೂ ಹಾಗೇ. 2018ರಲ್ಲಿ ಸಂಸತ್ತು ಒಂದು ಭಾಗವನ್ನು ಅಂಗೀಕರಿಸಿದರೂ ಅಧ್ಯಕ್ಷ ಬುಹಾರಿ ಸಹಿ ಹಾಕಲಿಲ್ಲ. ವಿದೇಶಿ ಕಂಪನಿಗಳಿಗೆ ತೆರಿಗೆಯ ಚಿಂತೆ, ಉತ್ತರದ ರಾಜ್ಯಗಳಿಗೆ ದಕ್ಷಿಣಕ್ಕೆ ಹೆಚ್ಚು ಹೋಗುತ್ತದೆಂಬ ಚಿಂತೆ, ದಕ್ಷಿಣದ ನದಿನಾಡಿನವರಿಗೆ ತಮ್ಮ ಹೊಲ, ಮೀನು ಹಾಳಾದ ಮೇಲೂ ಏನೂ ಸಿಗುವುದಿಲ್ಲವೆಂಬ ಚಿಂತೆ. ಎಲ್ಲರಿಗೂ ಹಳೆಯ ಗೊಂದಲದಲ್ಲಿ ಸ್ವಲ್ಪ ಲಾಭವೂ ಇತ್ತು. ಕೊನೆಗೆ 2021ರ ಆಗಸ್ಟ್ 16ರಂದು ಪೆಟ್ರೋಲಿಯಂ ಉದ್ಯಮ ಕಾಯ್ದೆಗೆ ಸಹಿ ಬಿತ್ತು. ಲಂಡನ್‌ನಿಂದ ಮರಳಿದ್ದ ಬುಹಾರಿ ಕೊರೊನಾ ನಿಯಮದ ಪ್ರಕಾರ ಪ್ರತ್ಯೇಕವಾಸದಲ್ಲಿದ್ದರು. ಇಪ್ಪತ್ತು ವರ್ಷ ಕಾದ ಕಾಯ್ದೆಗೆ ಸಹಿ ಬಿದ್ದದ್ದು ಆ ಪ್ರತ್ಯೇಕವಾಸದಲ್ಲೇ.

ಕಾಯ್ದೆ ಮಾಡಿದ ಒಳ್ಳೆಯ ಕೆಲಸವನ್ನು ಮೊದಲು ಹೇಳಬೇಕು. ಎಣ್ಣೆ ತೆಗೆಯುವ ಕಡೆಗೆ ಒಂದು ನಿಯಂತ್ರಣ ಆಯೋಗ, ಸಂಸ್ಕರಣೆ ಮತ್ತು ಮಾರಾಟದ ಕಡೆಗೆ ಇನ್ನೊಂದು ಪ್ರಾಧಿಕಾರ ಬಂದವು. ಎನ್‌ಎನ್‌ಪಿಸಿ ಸಾಮಾನ್ಯ ಕಂಪನಿ ಕಾನೂನಿನಡಿ ನೋಂದಣಿಯಾಗಿ ಲಿಮಿಟೆಡ್ ಆಯಿತು. ಷೇರುಗಳು ಹಣಕಾಸು ಮತ್ತು ಪೆಟ್ರೋಲಿಯಂ ಮಂತ್ರಾಲಯಗಳ ಹೆಸರಿನಲ್ಲಿ. ಬೇರೆ ಕಂಪನಿಗಳ ಹಾಗೆ ತೆರಿಗೆ, ರಾಯಧನ, ಲಾಭಾಂಶ ಕಟ್ಟಬೇಕು, ಸರ್ಕಾರದ ಬೊಕ್ಕಸಕ್ಕೆ ಕೈ ಚಾಚುವಂತಿಲ್ಲ ಎಂಬ ನಿಯಮ. 2022ರ ಜುಲೈನಲ್ಲಿ ಸಂಭ್ರಮದಿಂದ ಹೊಸ ಕಂಪನಿಯ ಉದ್ಘಾಟನೆಯಾಯಿತು. ಕಾಯ್ದೆಗೂ ಮೊದಲೇ, 2020ರಲ್ಲಿ, 43 ವರ್ಷಗಳಲ್ಲಿ ಮೊದಲ ಸಲ ಸಂಸ್ಥೆ ತನ್ನ ಪರಿಶೋಧಿತ ಲೆಕ್ಕಪತ್ರ ಪ್ರಕಟಿಸಿತ್ತು. ಇದನ್ನು ಸಣ್ಣದೆಂದು ತಳ್ಳಿಹಾಕಬಾರದು. ಕಡೂನಾದ ಸೊನ್ನೆ ನಮಗೆ ಗೊತ್ತಾದದ್ದೇ ಆ ಪುಟಗಳಿಂದ.

ಆದರೆ ಅದೇ ಕಾಯ್ದೆಯ ಇನ್ನೊಂದು ಮೂಲೆಗೆ ಬನ್ನಿ. ಆಳಸಮುದ್ರದ ಬಾವಿಗಳು ಬಹುತೇಕ ಉತ್ಪಾದನೆ ಹಂಚಿಕೆಯ ಕರಾರಿನ ಮೇಲೆ ನಡೆಯುತ್ತವೆ. ವಿದೇಶಿ ಕಂಪನಿ ಖರ್ಚು ಹಾಕುತ್ತದೆ, ಖರ್ಚು ಕಳೆದು ಉಳಿದ ಲಾಭದ ತೈಲದಲ್ಲಿ ದೇಶಕ್ಕೊಂದು ಪಾಲು. 2021ರ ಕಾಯ್ದೆ ಬರೆದಂತೆ ಆ ಪಾಲಿನಲ್ಲಿ ಶೇ 30 ಎನ್‌ಎನ್‌ಪಿಸಿಗೆ ನಿರ್ವಹಣಾ ಶುಲ್ಕ. ಇನ್ನೊಂದು ಶೇ 30 ಹೊಸ ಪ್ರದೇಶಗಳಲ್ಲಿ, ಮುಖ್ಯವಾಗಿ ಉತ್ತರದ ಒಣನಾಡಿನಲ್ಲಿ, ಎಣ್ಣೆ ಹುಡುಕುವ ನಿಧಿಗೆ. ಒಕ್ಕೂಟದ ಖಾತೆಗೆ ಉಳಿದದ್ದು ಶೇ 40. ಹುಡುಕಿದರೆ ಎಣ್ಣೆ ಸಿಗಬಹುದು, ಸಿಗದೆಯೂ ಇರಬಹುದು. ಹುಡುಕಬೇಕೋ ಬೇಡವೋ ಎಂದು ಬಜೆಟ್ಟಿನಲ್ಲಿ ವರ್ಷವರ್ಷ ಚರ್ಚಿಸಿ ಹಣ ಕೊಡುವುದು ಬೇರೆ, ಮೊದಲೇ ಕಳೆದು ಇಟ್ಟುಕೊಳ್ಳುವುದು ಬೇರೆ. ಹಳೆಯ ಉಪವಿಧಿ ಹೋಯಿತು, ಹಳೆಯ ಅಭ್ಯಾಸ ಹೊಸ ಕಲಮಿನೊಳಗೆ ಬಂದು ಕೂತಿತು.

ನದಿನಾಡಿನವರಿಗೆ ಸಿಕ್ಕದ್ದನ್ನೂ ನೋಡಿ. ಎಣ್ಣೆ ಕಂಪನಿಗಳು ತಮ್ಮ ಹಿಂದಿನ ವರ್ಷದ ನಿರ್ವಹಣಾ ವೆಚ್ಚದ ಶೇ 3ನ್ನು ಆಯಾ ಊರುಗಳ ನಿಧಿಗೆ ಕೊಡಬೇಕು. ಅವರು ಕೇಳಿದ್ದು ಶೇ 10. ಕೊಟ್ಟ ಮೂರಕ್ಕೂ ಒಂದು ಷರತ್ತು. ಊರಿನಲ್ಲಿ ಕೊಳವೆ ಒಡೆದರೆ, ಹಾನಿ ಮಾಡಿದರೆ, ದುರಸ್ತಿಯ ವೆಚ್ಚ ಆ ನಿಧಿಯಿಂದಲೇ ಕಡಿತ. ರಾತ್ರಿ ದೋಣಿಯಲ್ಲಿ ಬಂದು ಕೊಳವೆಗೆ ತೂತು ಕೊರೆಯುವ ಗ್ಯಾಂಗುಗಳ ಹಿಂದೆ ಬಂದೂಕು, ಹಣ, ಎಷ್ಟೋ ಸಲ ಪ್ರಭಾವಿಗಳ ಕೈ ಇರುತ್ತದೆ. ಅವರನ್ನು ತಡೆಯಲು ಸೇನೆಗೇ ಆಗಿಲ್ಲ. ಮೀನು ಹಿಡಿಯುವ ಹಳ್ಳಿಯವರು ತಡೆಯದಿದ್ದರೆ ಅವರ ಶಾಲೆಯ ಹಣಕ್ಕೆ ಕತ್ತರಿ. 1995ರಲ್ಲಿ ಒಗೊನಿ ಜನರ ಪರವಾಗಿ ನಿಂತ ಲೇಖಕ ಕೆನ್ ಸಾರೊ-ವೀವಾ ಅವರನ್ನು ಸೇನಾ ಸರ್ಕಾರ ಗಲ್ಲಿಗೇರಿಸಿದ ನಾಡು ಅದು. ಅಲ್ಲಿಯ ಜನಕ್ಕೆ ಇಂಥ ಷರತ್ತನ್ನು ಬರೆದವರಿಗೆ ಇತಿಹಾಸ ತಿಳಿದಿರಲಿಲ್ಲ ಎಂದು ನಾನು ನಂಬಲಾರೆ.

ನಾರ್ವೆಯ ಹೆಸರು ಹೇಳದೆ ತೈಲ ಸುಧಾರಣೆಯ ಮಾತು ಮುಗಿಯುವುದಿಲ್ಲ. ಮಂತ್ರಾಲಯ ಬೇರೆ, ನಿರ್ದೇಶನಾಲಯ ಬೇರೆ, ಕಂಪನಿ ಬೇರೆ ಎಂದು ಅವರು 1972ರಲ್ಲೇ ಮಾಡಿದರು ಎಂದು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅವರು 1985ರಲ್ಲಿ ಮಾಡಿದ್ದು. ಅಷ್ಟರಲ್ಲಿ ಸರ್ಕಾರಿ ಕಂಪನಿ ಸ್ಟಾಟ್‌ಆಯಿಲ್ ಎಷ್ಟು ಬೆಳೆದಿತ್ತೆಂದರೆ ಅದರ ಕೈಗೆ ಬರುವ ಹಣದ ಹರಿವು ಸರ್ಕಾರವನ್ನೇ ಕುಬ್ಜವಾಗಿಸುವ ಹಾಗಿತ್ತು. ಕಂಪನಿ ಒಳ್ಳೆಯದೇ ಇತ್ತು, ದೊಡ್ಡ ಹಗರಣವೇನೂ ಆಗಿರಲಿಲ್ಲ. ಆದರೂ ಪಾಲುಗಳನ್ನು ಒಡೆದು, ಹೆಚ್ಚಿನ ಭಾಗದ ಆದಾಯ ಕಂಪನಿಯ ಕೈ ಮುಟ್ಟದೆ ನೇರ ಬೊಕ್ಕಸಕ್ಕೆ ಹೋಗುವಂತೆ ಮಾಡಿದರು. ಒಂದಿಷ್ಟು ಜಗಳ ಆಯಿತು. ಆದರೆ ಸಂಸತ್ತಿನಲ್ಲಿ ಎಡ-ಬಲ ಪಕ್ಷಗಳು ಕೂತು ರಾಜಿ ಮಾಡಿಕೊಂಡವು. ನಾರ್ವೆಯವರು ಪ್ರಾಮಾಣಿಕರು, ನೈಜೀರಿಯಾದವರು ಹಾಗಲ್ಲ ಎನ್ನುವ ವಿವರಣೆ ನನಗೆ ಒಗ್ಗುವುದಿಲ್ಲ. ಪ್ರಾಮಾಣಿಕರನ್ನೂ ನಂಬಿ ಕೂರದ ವ್ಯವಸ್ಥೆ ಅವರು ಮಾಡಿಕೊಂಡರು.

ನಮ್ಮಲ್ಲಿ ಏನು ಎಂದು ಕೇಳಬಹುದು. ನಮ್ಮಲ್ಲೂ ಕಂಪನಿ ಮತ್ತು ಬೊಕ್ಕಸದ ನಡುವಿನ ಗೆರೆ ಮಸುಕಾದ ಉದಾಹರಣೆಗಳಿವೆ, ದಿಕ್ಕು ಮಾತ್ರ ಉಲ್ಟಾ. ನೈಜೀರಿಯಾದಲ್ಲಿ ಕಂಪನಿ ಸರ್ಕಾರದ ಹಣ ಹಿಡಿದುಕೊಂಡರೆ, ಇಲ್ಲಿ ಸರ್ಕಾರ ಕಂಪನಿಯ ಹಣಕ್ಕೆ ಕೈ ಹಾಕುತ್ತದೆ. ಪೆಟ್ರೋಲ್, ಡೀಸೆಲ್ ಅಗ್ಗವಾಗಿ ಮಾರಿದ ವರ್ಷಗಳಲ್ಲಿ ಒಎನ್‌ಜಿಸಿ ತನ್ನ ಕಚ್ಚಾ ತೈಲವನ್ನು ರಿಯಾಯಿತಿಯಲ್ಲಿ ಕೊಟ್ಟು ಹೊರೆ ಹಂಚಿಕೊಳ್ಳಬೇಕಾಗಿತ್ತು. 2018ರ ಜನವರಿಯಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿದ್ದ ಸರ್ಕಾರದ ಷೇರನ್ನು ಅದೇ ಒಎನ್‌ಜಿಸಿ 36,915 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಮನೆಯೊಳಗಿನ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ಹಣ ಬಜೆಟ್ಟಿನಲ್ಲಿ ಬಂಡವಾಳ ಹಿಂತೆಗೆತ ಎಂದು ದಾಖಲಾಯಿತು. ಮಂಗಳೂರಿನ ಎಂಆರ್‌ಪಿಎಲ್ ಕೂಡ ಇದೇ ಒಎನ್‌ಜಿಸಿಯ ಅಂಗಸಂಸ್ಥೆ. ಆದರೂ ನಮ್ಮ ಮಹಾಲೇಖಪಾಲರು ಇವನ್ನೆಲ್ಲ ಪರಿಶೀಲಿಸಿ ಸಂಸತ್ತಿಗೆ ವರದಿ ಕೊಡಬಲ್ಲರು. ಬೈಯಲಿಕ್ಕಾದರೂ ಕಾಗದ ಸಿಗುತ್ತದೆ.

ನೈಜೀರಿಯಾಕ್ಕೆ ಮರಳುತ್ತೇನೆ. 2023ರ ಮೇ 29ರಂದು ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಬೋಲಾ ಟಿನುಬು ಮೊದಲ ಭಾಷಣದಲ್ಲೇ ಸಬ್ಸಿಡಿ ಇನ್ನಿಲ್ಲ ಎಂದರು. ಕೆಲವೇ ದಿನಗಳಲ್ಲಿ ಲೀಟರ್ ಪೆಟ್ರೋಲಿನ ಬೆಲೆ ಸುಮಾರು 190 ನೈರಾದಿಂದ 500ರ ಆಚೀಚೆಗೆ ಹೋಯಿತು. 2012ರ ಜನವರಿಯಲ್ಲಿ 65ರಿಂದ 141ಕ್ಕೆ ಏರಿಸಿದಾಗ ದೇಶವೇ ಬೀದಿಗಿಳಿದು ಸರ್ಕಾರ 97ಕ್ಕೆ ಇಳಿಸಿತ್ತು. ಈ ಸಲ ಹಾಗಾಗಲಿಲ್ಲ. ಆದರೆ ಜೂನ್‌ನಲ್ಲಿ ನೈರಾವನ್ನು ಮಾರುಕಟ್ಟೆಗೆ ಬಿಟ್ಟಾಗ ಅದರ ಬೆಲೆ ಕುಸಿಯಿತು, ತರಿಸುವ ಪೆಟ್ರೋಲ್ ದುಬಾರಿಯಾಯಿತು, ಸಬ್ಸಿಡಿ ಹೆಸರಿಲ್ಲದೆ ಹಿಂಬಾಗಿಲಿನಿಂದ ಬಂತು. ಪೂರೈಕೆದಾರರಿಗೆ ದೊಡ್ಡ ಸಾಲ ಬಾಕಿಯಿದೆ ಎಂದು ಎನ್‌ಎನ್‌ಪಿಸಿ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡಿತು. ಅದೇ ತಿಂಗಳು ಲಾಗೋಸ್ ಬಳಿಯ ಡಾಂಗೋಟೆ ರಿಫೈನರಿಯಿಂದ ಪೆಟ್ರೋಲ್ ಹೊರಬಂತು. ದಿನಕ್ಕೆ 6,50,000 ಬ್ಯಾರೆಲ್ ಸಾಮರ್ಥ್ಯದ, ಖಾಸಗಿಯವರು ಕಟ್ಟಿದ, ನಮ್ಮ ಎಂಜಿನಿಯರ್ಸ್ ಇಂಡಿಯಾ ಸಂಸ್ಥೆ ತಾಂತ್ರಿಕ ಸಲಹೆ ಕೊಟ್ಟ ಸ್ಥಾವರ. ಸರ್ಕಾರದ ಪೋರ್ಟ್ ಹಾರ್ಕೋರ್ಟ್ ರಿಫೈನರಿ ಬಹುಕೋಟಿ ಡಾಲರಿನ ದುರಸ್ತಿಯ ನಂತರ 2024ರ ನವೆಂಬರ್‌ನಲ್ಲಿ ಶುರುವಾಗಿ, ಮರುವರ್ಷ ಮೇ ತಿಂಗಳಲ್ಲಿ ಮತ್ತೆ ಬಾಗಿಲು ಹಾಕಿತು.

2025ರ ಏಪ್ರಿಲ್‌ನಲ್ಲಿ ಟಿನುಬು ಎನ್‌ಎನ್‌ಪಿಸಿಯ ಆಡಳಿತ ಮಂಡಳಿಯನ್ನು ಬದಲಿಸಿ, ಮುಖ್ಯಸ್ಥ ಮೆಲೆ ಕ್ಯಾರಿ ಅವರ ಜಾಗಕ್ಕೆ ಶೆಲ್‌ನಲ್ಲಿ ಪಳಗಿದ ಬಶೀರ್ ಬಾಯೊ ಒಜುಲಾರಿ ಅವರನ್ನು ತಂದರು. ಸಬ್ಸಿಡಿ ರದ್ದಾದ ಮೇಲೆ ಉಳಿಯಬೇಕಾದ ಹಣದಲ್ಲಿ ಅರ್ಧವನ್ನು ಮಾತ್ರ ಎನ್‌ಎನ್‌ಪಿಸಿ ಒಕ್ಕೂಟದ ಖಾತೆಗೆ ಕಟ್ಟುತ್ತಿದೆ, ಉಳಿದರ್ಧ ಹಳೆಯ ಬಾಕಿಗೆ ಹೊಂದಿಸಿಕೊಳ್ಳುತ್ತಿದೆ ಎಂದು ವಿಶ್ವಬ್ಯಾಂಕ್ ಆ ವರ್ಷ ಹೇಳಿತು. ಆಗಸ್ಟ್‌ನಲ್ಲಿ ಸಂಪುಟ ಸಭೆಯಲ್ಲಿ ಟಿನುಬು ನಿರ್ವಹಣಾ ಶುಲ್ಕ ಮತ್ತು ಹುಡುಕಾಟದ ನಿಧಿಯ ಶೇ 30, ಶೇ 30ರ ಕಡಿತಗಳನ್ನು ಮರುಪರಿಶೀಲಿಸಿ ಎಂದು ಆದೇಶಿಸಿದರು. ಕಾಯ್ದೆಯ ಪ್ರಕಾರ ಈ ಕಂಪನಿಯ ಒಂದು ಷೇರುದಾರ ಪೆಟ್ರೋಲಿಯಂ ಮಂತ್ರಾಲಯ. ಒಬಸಾಂಜೊ ಕಾಲದಿಂದ ಮೊದಲಾಗಿ ಹಲವು ಅಧ್ಯಕ್ಷರು ಆ ಖಾತೆಯನ್ನು ಬೇರೆಯವರಿಗೆ ಬಿಟ್ಟುಕೊಡದೆ ತಮ್ಮಲ್ಲೇ ಇಟ್ಟುಕೊಂಡರು. ಬುಹಾರಿಯೂ ಹಾಗೇ ಮಾಡಿದರು. ಮರುಪರಿಶೀಲನೆಯ ಆದೇಶ ಹೊರಟ ದಿನ ನೈಜೀರಿಯಾದ ಪೆಟ್ರೋಲಿಯಂ ಮಂತ್ರಿ ಯಾರು ಎಂದು ಕೇಳಿದ್ದರೆ, ಉತ್ತರ ಬೋಲಾ ಟಿನುಬು.